ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆ: ಸೀಟು ಇದೆ, ಕೇಳಬೇಕಾದವರು ನಾವು

ಜಪಾನಿನಲ್ಲಿ ಈಗ 50,000ಕ್ಕೂ ಹೆಚ್ಚು ಭಾರತೀಯರಿದ್ದಾರೆ. 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದವರು ಟೋಕಿಯೊದ ಪೂರ್ವ ಭಾಗದ ಎದೊಗಾವಾ ವಾರ್ಡಿನಲ್ಲಿ, ನಿಶಿ-ಕಸಾಯಿ ರೈಲು ನಿಲ್ದಾಣದ ಸುತ್ತ ಮನೆ ಮಾಡಿದರು. ಅವರ ಹಿಂದೆ ದಿನಸಿ ಅಂಗಡಿ ಬಂತು, ಹೋಟೆಲು ಬಂತು, ಸಿಬಿಎಸ್‌ಇ ಪಠ್ಯದ ಭಾರತೀಯ ಶಾಲೆಗಳೂ ಬಂದವು. ಆದರೆ ಆ ಶಾಲೆಗಳ ಫೀಸು ಎಲ್ಲರ ಸಂಬಳಕ್ಕೂ ಎಟುಕುವುದಿಲ್ಲ. ಟೋಕಿಯೊ, ಯೊಕೊಹಾಮಾ ಬಿಟ್ಟು ದೂರದ ಊರಿಗೆ ಕೆಲಸ ಸಿಕ್ಕರೆ ದಿನಾ ಹೋಗಿಬರುವಷ್ಟು ಹತ್ತಿರದಲ್ಲಿ ಭಾರತೀಯ ಶಾಲೆ ಸಿಗುವುದು ಕಷ್ಟ. ಆಗ ಉಳಿಯುವುದು ಮನೆ ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆ, ಜಪಾನಿ ಮಾತಿನಲ್ಲಿ ಶೋಗಕ್ಕೊ.

ಇದು ಒಳ್ಳೆಯ ಆಯ್ಕೆಯೇ. ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಡೊನೇಶನ್ ಎಂಬ ಮಾತೇ ಇಲ್ಲ. ಬೋಧನಾ ಶುಲ್ಕ ಸೊನ್ನೆ, ಪಠ್ಯಪುಸ್ತಕ ಉಚಿತ. ವಿದೇಶಿ ಮಗುವಿಗೂ ಇದೇ ನಿಯಮ. ಆದರೂ ಈ ಶಾಲೆಗಳಿಗೆ ಸೇರದೆ ಉಳಿದ ವಿದೇಶಿ ಮಕ್ಕಳು ಸಾವಿರಾರು. ಅದಕ್ಕೆ ಕಾರಣ ಕಾನೂನಿನ ಒಂದು ಪದದಲ್ಲಿದೆ.

ಜಪಾನಿನ ಸಂವಿಧಾನದ 26ನೇ ವಿಧಿ ಮಕ್ಕಳನ್ನು ಓದಿಸುವ ಹೊಣೆಯನ್ನು ‘ಕೊಕುಮಿನ್’ ಮೇಲೆ ಹೊರಿಸುತ್ತದೆ. ಕೊಕುಮಿನ್ ಎಂದರೆ ಆ ದೇಶದ ಪ್ರಜೆ. ಹಾಗಾಗಿ ಕಡ್ಡಾಯ ಶಿಕ್ಷಣ ಎಂಬುದು ವಿದೇಶಿ ತಂದೆತಾಯಿಗೆ ಅನ್ವಯಿಸುವುದಿಲ್ಲ ಎಂಬುದು ಅಲ್ಲಿನ ಸರ್ಕಾರದ ನಿಲುವು. ಇನ್ನೊಂದು ಕಡೆ, 1979ರಲ್ಲಿ ಒಪ್ಪಿಕೊಂಡ ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಮತ್ತು 1994ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ, ಸೇರಬೇಕೆಂದು ಕೇಳಿದ ವಿದೇಶಿ ಮಗುವನ್ನು ಉಚಿತವಾಗಿ ಸೇರಿಸಿಕೊಳ್ಳಲೇಬೇಕು. ಇಲ್ಲಿ ಗಮನಿಸಬೇಕಾದ್ದು ‘ಕೇಳಿದ’ ಎಂಬುದನ್ನು. ಜಪಾನಿ ಮಗುವಿನ ಮನೆಗೆ ಜನವರಿ ಮುಗಿಯುವುದರೊಳಗೆ ಶಾಲೆಯ ಹೆಸರು ಬರೆದ ನೋಟಿಸು ತಾನಾಗಿ ಬರುತ್ತದೆ. ವಿದೇಶಿ ಮಗುವಿನ ಮನೆಗೆ ಬಂದರೆ ಬರುವುದು ಮಾಹಿತಿ ಪತ್ರ ಮತ್ತು ಅರ್ಜಿ ನಮೂನೆ. ತುಂಬಿ ಕೊಡದಿದ್ದರೆ ಆ ಮಗುವಿಗೆ ಶಾಲೆಯೇ ನಿಗದಿಯಾಗುವುದಿಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ಕಾನೂನು.

ಜಪಾನಿನ ಶಿಕ್ಷಣ ಸಚಿವಾಲಯ 2019ರಲ್ಲಿ ಮೊದಲ ಬಾರಿಗೆ ದೇಶವ್ಯಾಪಿ ಲೆಕ್ಕ ತೆಗೆಯಿತು. ಶಾಲಾ ವಯಸ್ಸಿನ 1.2 ಲಕ್ಷಕ್ಕೂ ಹೆಚ್ಚು ವಿದೇಶಿ ಮಕ್ಕಳಲ್ಲಿ 20,000ದಷ್ಟು ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ, ಅಥವಾ ಹೋಗುತ್ತಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. 2020ರ ಜುಲೈನಲ್ಲಿ ಸಚಿವಾಲಯ ಸ್ಥಳೀಯ ಆಡಳಿತಗಳಿಗೆ ಮಾರ್ಗಸೂಚಿ ಕಳಿಸಿ, ಪಟ್ಟಿ ಇಟ್ಟುಕೊಳ್ಳಿ, ಮನೆಗೆ ಹೋಗಿ ವಿಚಾರಿಸಿ ಎಂದಿತು. 2021ರ ಎಣಿಕೆಯಲ್ಲಿ ಆ ಸಂಖ್ಯೆ ಸುಮಾರು 10,000ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಅರ್ಧಕ್ಕೆ ಇಳಿದಿದೆ ಎಂದರೆ ತೊಂದರೆಯ ದೊಡ್ಡ ಭಾಗ ಮಕ್ಕಳಲ್ಲಾಗಲಿ ತಂದೆತಾಯಿಯಲ್ಲಾಗಲಿ ಇರಲಿಲ್ಲ. ಯಾರೂ ವಿಚಾರಿಸದೆ ಬಿಟ್ಟದ್ದರಲ್ಲಿತ್ತು. ಈಗಲೂ ಒಂದೊಂದು ಊರಿನ ಕಾಳಜಿ ಒಂದೊಂದು ಥರ. ಆದ್ದರಿಂದ ಪತ್ರ ಬರಲಿ ಎಂದು ಕಾಯುತ್ತ ಕೂರಬಾರದು.

ಕಚೇರಿಯ ದಾರಿ

ದೊಡ್ಡ ವಿಮಾನ ನಿಲ್ದಾಣಗಳಲ್ಲಾದರೆ ಇಳಿದಾಗಲೇ ಕೈಗೆ ಬರುವ ಝೈರ್ಯೂ ಕಾರ್ಡ್, ಅಂದರೆ ವಾಸದ ಕಾರ್ಡು, ಎಲ್ಲಕ್ಕೂ ಮೊದಲು ಬೇಕು. ಬಾಡಿಗೆ ಮನೆಗೆ ಹೋದ 14 ದಿನಗಳೊಳಗೆ ವಾರ್ಡ್ ಕಚೇರಿಗೆ (ಟೋಕಿಯೊದ ಹೊರಗಾದರೆ ನಗರಸಭೆಗೆ) ಹೋಗಿ ಎಲ್ಲರ ಕಾರ್ಡಿನ ಹಿಂಬದಿಗೂ ವಿಳಾಸ ಬರೆಸಬೇಕು. 2012ರ ಜುಲೈನಿಂದ ವಿದೇಶಿಯರೂ ನಿವಾಸಿಗಳ ನೋಂದಣಿಯಲ್ಲೇ ಸೇರಿದ್ದಾರೆ. ಶಾಲೆಯ ಅರ್ಜಿ ನಿಂತಿರುವುದೂ ಆ ನೋಂದಣಿಯ ಮೇಲೆ. ಅದೇ ದಿನ ಅಲ್ಲೇ ‘ಕ್ಯೊಇಕು ಇಇನ್‌ಕಾಯ್’, ಅಂದರೆ ಶಿಕ್ಷಣ ಮಂಡಳಿ ಎಲ್ಲಿದೆ ಎಂದು ಕೇಳಿ. ಎಷ್ಟೋ ಕಡೆ ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿರುತ್ತದೆ. ಶಾಲಾ ವ್ಯವಹಾರದ ವಿಭಾಗದಲ್ಲಿ ವಿದೇಶಿಯರ ಪ್ರವೇಶ ಅರ್ಜಿ ತುಂಬಿ, ತಂದೆ ಅಥವಾ ತಾಯಿಯ ಮತ್ತು ಮಗುವಿನ ವಾಸದ ಕಾರ್ಡು, ಪಾಸ್‌ಪೋರ್ಟ್ ತೋರಿಸಿದರೆ ವಿಳಾಸಕ್ಕೆ ಸೇರಿದ ಶಾಲೆಯ ಹೆಸರಿರುವ ಕಾಗದ ಕೊಡುತ್ತಾರೆ. ಅದನ್ನು ಹಿಡಿದು ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಭೇಟಿಯಾದ ಮೇಲೆ ಮೊದಲ ದಿನ ನಿಗದಿಯಾಗುತ್ತದೆ. ವರ್ಷದ ನಡುವೆ ಯಾವ ತಿಂಗಳಾದರೂ ಸೇರಬಹುದು.

ವಿಳಾಸವೇ ಶಾಲೆಯನ್ನು ನಿರ್ಧರಿಸುವುದರಿಂದ ಅಸಲಿ ಆಯ್ಕೆ ಆಗುವುದು ಮನೆ ಹುಡುಕುವಾಗ. ಕೆಲವು ಶಾಲೆಗಳಲ್ಲಿ ವಿದೇಶಿ ಮಕ್ಕಳಿಗೆ ಜಪಾನಿ ಕಲಿಸುವ ಪ್ರತ್ಯೇಕ ಕೋಣೆ, ಅದಕ್ಕೇ ನೇಮಿಸಿದ ಶಿಕ್ಷಕರು ಇರುತ್ತಾರೆ. ನಾಲ್ಕು ಬೀದಿ ಆಚೆಯ ಶಾಲೆಯಲ್ಲಿ ಇಲ್ಲದಿರಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಶಿಕ್ಷಣ ಮಂಡಳಿಗೆ ವಿಳಾಸ ಹೇಳಿ, ಇದು ಯಾವ ಶಾಲೆಗೆ ಸೇರುತ್ತದೆ, ಅಲ್ಲಿ ಜಪಾನಿ ತರಗತಿ ಇದೆಯೇ ಎಂದು ಕೇಳಿಬಿಡಿ. ಸಹಿಯಾದ ಮೇಲೆ ಗೊತ್ತಾದರೂ ದಾರಿ ಪೂರ್ತಿ ಮುಚ್ಚಿಲ್ಲ. ಕಾರಣ ಬರೆದು ಶಾಲೆ ಬದಲಾವಣೆಗೆ ಅರ್ಜಿ ಹಾಕಲು ಅನೇಕ ಕಡೆ ಅವಕಾಶವಿದೆ.

ಹೆಸರಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್, ತಂದೆಯ ಹೆಸರು, ಊರಿನ ಹೆಸರು ಯಾವ ಕ್ರಮದಲ್ಲಿದ್ದರೂ ಜಪಾನಿನ ನಮೂನೆಯಲ್ಲಿ ಇರುವುದು ಮನೆತನದ ಹೆಸರಿಗೊಂದು, ಮಗುವಿನ ಹೆಸರಿಗೊಂದು ಖಾನೆ ಮಾತ್ರ. ಅದರ ಪಕ್ಕದಲ್ಲಿ ಉಚ್ಚಾರಣೆಯನ್ನು, ವಿದೇಶಿ ಹೆಸರುಗಳಿಗೆ ಬಳಸುವ ಕತಕಾನಾ ಲಿಪಿಯಲ್ಲಿ ಬರೆಯಬೇಕು. ಆ ಲಿಪಿಯಲ್ಲಿ ‘ಲ’ಕಾರ ಇಲ್ಲ, ಲೀಲಾ ಎಂಬ ಹುಡುಗಿ ರೀರಾ ಆಗುತ್ತಾಳೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಅದ್ವೈತ್ ಎನ್ನುವುದು ಅದೊವಾಯ್ತೊ ಎಂಬಂತಾಗುತ್ತದೆ. ವಾರ್ಡ್ ಕಚೇರಿಯಲ್ಲಿ ಒಂದು ರೀತಿ, ಶಾಲೆಯಲ್ಲಿ ಇನ್ನೊಂದು ರೀತಿ, ಆಸ್ಪತ್ರೆ ಕಾರ್ಡಿನಲ್ಲಿ ಮತ್ತೊಂದು ರೀತಿ ಬರೆದರೆ ಮುಂದೆ ಪ್ರತಿ ಅರ್ಜಿಯಲ್ಲೂ ಇದು ನಿಮ್ಮದೇ ಮಗುವೇ ಎಂಬ ಪ್ರಶ್ನೆ ಏಳುತ್ತದೆ. ಮೊದಲ ದಿನವೇ ಒಂದು ರೂಪ ನಿಶ್ಚಯಿಸಿ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು, ಎಲ್ಲ ಕಡೆ ಅದನ್ನೇ ನಕಲು ಮಾಡಿ.

ಯಾವ ತರಗತಿ?

ಜಪಾನಿನಲ್ಲಿ ತರಗತಿ ನಿರ್ಧಾರವಾಗುವುದು ವಯಸ್ಸಿನ ಮೇಲೆ, ಅಂಕಪಟ್ಟಿಯ ಮೇಲಲ್ಲ. ಶಾಲಾ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಏಪ್ರಿಲ್ 2ರಿಂದ ಮುಂದಿನ ವರ್ಷದ ಏಪ್ರಿಲ್ 1ರೊಳಗೆ ಹುಟ್ಟಿದವರೆಲ್ಲ ಒಂದೇ ತಂಡ. ಉದಾಹರಣೆಗೆ 2019ರ ಏಪ್ರಿಲ್ 2ರಿಂದ 2020ರ ಏಪ್ರಿಲ್ 1ರವರೆಗೆ ಹುಟ್ಟಿದ ಮಕ್ಕಳು 2026ರ ಏಪ್ರಿಲ್‌ನಲ್ಲಿ ಒಂದನೇ ತರಗತಿಗೆ ಕಾಲಿಡುತ್ತಾರೆ. ಕರ್ನಾಟಕದಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ಲೆಕ್ಕ ಹಿಡಿದರೆ, 2019ರ ಮೇ ತಿಂಗಳಲ್ಲಿ ಹುಟ್ಟಿದ ಮಗು 2025ರ ಜೂನ್‌ನಲ್ಲೇ ಒಂದನೇ ತರಗತಿಗೆ ಹೋಗುತ್ತದೆ. ಅದೇ ಮಗು ಮುಂದಿನ ಮಾರ್ಚ್‌ನಲ್ಲಿ ಜಪಾನಿಗೆ ಹೋದರೆ ಏಪ್ರಿಲ್‌ನಲ್ಲಿ ಮತ್ತೆ ಒಂದನೇ ತರಗತಿ. ಊರಲ್ಲಿ ಬೇಗ ಸೇರಿಸಿದ್ದ ಮಕ್ಕಳಿಗೂ ಹೀಗೆಯೇ. ತಂದೆತಾಯಿ ಇದನ್ನು ಒಂದು ವರ್ಷ ಹಾಳಾಯಿತು ಎಂದುಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಹೊಸ ಭಾಷೆಗೆ ಇಳಿಯುವ ಮಗುವಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ: ಜಪಾನಿ ಮಕ್ಕಳೂ ಅ, ಇ, ಉ ತಿದ್ದುವ ಹೊತ್ತಿಗೇ ಇದೂ ತಿದ್ದುತ್ತದೆ. ಫೇಲ್ ಮಾಡುವ ಪದ್ಧತಿ ಅಲ್ಲಿ ಇಲ್ಲದಿರುವುದರಿಂದ ತಡವಾಗಿ ಬಂದ ಮಗುವೂ ವಯಸ್ಸಿನ ಜೊತೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಅರ್ಥವಾಗಲಿ ಬಿಡಲಿ. ಭಾಷೆಯ ಕಾರಣಕ್ಕೆ ಒಂದು ತರಗತಿ ಕೆಳಗೆ ಕೂರಿಸಲು ಸಚಿವಾಲಯದ ಅನುಮತಿ ಇದೆ. ಬೇಕಾದರೆ ಸೇರುವಾಗಲೇ ಕೇಳಬೇಕು.

ಏಪ್ರಿಲ್‌ನಲ್ಲಿ ಒಂದನೇ ತರಗತಿ ಸೇರುವವರಿಗೆ ಹಿಂದಿನ ಶರತ್ಕಾಲದಲ್ಲೇ, ನವೆಂಬರ್ ಮುಗಿಯುವುದರೊಳಗೆ, ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯುತ್ತದೆ. ಕಣ್ಣು, ಕಿವಿ, ಹಲ್ಲು ನೋಡುತ್ತಾರೆ. ಹಾಕಿಸಿದ ಲಸಿಕೆಗಳ ವಿವರ ಕೇಳುತ್ತಾರೆ. ಊರಿಂದ ಹೊರಡುವಾಗ ಲಸಿಕೆ ಪುಸ್ತಕ ಸೂಟ್‌ಕೇಸಿಗೆ ಹಾಕಿಕೊಳ್ಳದಿದ್ದವರು ಆಮೇಲೆ ಅಜ್ಜಿಗೆ ಫೋನು ಮಾಡಿ ಬೀರು ಹುಡುಕಿಸಬೇಕಾಗುತ್ತದೆ.

ಸಾಮಾನಿನ ಪಟ್ಟಿ

ಉಚಿತ ಶಾಲೆ ಎಂದರೆ ಖರ್ಚೇ ಇಲ್ಲ ಎಂದಲ್ಲ. ಬೆನ್ನಿಗೆ ಹಾಕುವ ರಂದೊಸೆರು ಚೀಲವೊಂದೇ ಹೊಸತಾದರೆ ಸಾಮಾನ್ಯವಾಗಿ 50,000 ಯೆನ್ ದಾಟುತ್ತದೆ. ಅದು ಕಡ್ಡಾಯವಲ್ಲ, ಆರು ವರ್ಷ ಬಾಳುವ ವಸ್ತುವಾದ್ದರಿಂದ ಹಳೆಯದು ಚೆನ್ನಾಗಿಯೇ ಸಿಗುತ್ತದೆ. ಒಳಗೆ ಹಾಕುವ ಬಿಳಿ ಬೂಟು (ಉವಾಬಾಕಿ), ಆಟದ ಬಟ್ಟೆ, ಒಂದು ಬದಿ ಕೆಂಪು ಇನ್ನೊಂದು ಬದಿ ಬಿಳಿ ಇರುವ ಟೋಪಿ, ನೆಲ ಒರೆಸಲು ಹೊಲಿದ ಬಟ್ಟೆ, 2ಬಿ ಪೆನ್ಸಿಲು. ಮೆಕ್ಯಾನಿಕಲ್ ಪೆನ್ಸಿಲು, ಬಣ್ಣಬಣ್ಣದ ರಬ್ಬರು ಬೇಡ ಎನ್ನುವ ಶಾಲೆಗಳೇ ಹೆಚ್ಚು.

ಇವೆಲ್ಲದರಲ್ಲಿ ಹೊಸಬರನ್ನು ತಬ್ಬಿಬ್ಬು ಮಾಡುವುದು ‘ಸಾನ್ಸೂ ಸೆಟ್’ ಎಂಬ ಗಣಿತದ ಪೆಟ್ಟಿಗೆ. ತೆರೆದರೆ ಒಳಗೆ ಉಗುರಿನಷ್ಟು ಅಗಲದ ಬಣ್ಣದ ಬಿಲ್ಲೆಗಳು, ಎಣಿಸುವ ಕಡ್ಡಿಗಳು, ಆಟಿಕೆ ನಾಣ್ಯಗಳು, ಕೂಡುವ ಕಳೆಯುವ ಚೀಟಿಗಳು, ಪುಟ್ಟ ಗಡಿಯಾರ. ಒಂದೊಂದಕ್ಕೂ, ಆ ಉಗುರಿನಷ್ಟು ಬಿಲ್ಲೆಗೂ, ಮಗುವಿನ ಹೆಸರನ್ನು ಮಕ್ಕಳು ಮೊದಲು ಕಲಿಯುವ ಹಿರಗಾನಾ ಲಿಪಿಯಲ್ಲಿ ಬರೆದು ಅಂಟಿಸಿ ಕಳಿಸಬೇಕು. ಎರಡು ಮೂರು ಸಂಜೆ ಹಿಡಿಯುವ ಕೆಲಸ ಇದು. ಮುದ್ರಿಸಿದ ಹೆಸರಿನ ಸ್ಟಿಕರುಗಳನ್ನು ಆರ್ಡರ್ ಮಾಡಿದರೆ ಗಣಿತದ ಪೆಟ್ಟಿಗೆಗೆಂದೇ ಸಣ್ಣ ಅಳತೆಯವೂ ಬರುತ್ತವೆ. ‘ವೆಂಕಟೇಶಪ್ರಸಾದ್’ ಎಂದು ಪೂರ್ತಿ ಹಾಕಲು ಹೋದರೆ ಬಿಲ್ಲೆಯ ಮೇಲೆ ಜಾಗವೇ ಸಾಲದು, ಕರೆಯುವ ಹೆಸರು ಸಾಕೇ ಎಂದು ಶಿಕ್ಷಕರನ್ನು ಕೇಳಿ. ಈ ಕೆಲಸದ ಹಿಂದೆ ಒಂದು ಅರ್ಥವಿದೆ: ತನ್ನ ವಸ್ತುವನ್ನು ತಾನೇ ಗುರುತಿಸಿ, ಎಣಿಸಿ, ಎತ್ತಿಡುವುದನ್ನು ಆರು ವರ್ಷದ ಮಗುವಿಗೆ ಕಲಿಸುವುದೇ ಆ ಶಾಲೆಯ ಮೊದಲ ಪಾಠ. ಮಕ್ಕಳೇ ತರಗತಿ ಗುಡಿಸುವುದು, ಊಟ ಬಡಿಸುವುದು, ತಂದೆತಾಯಿಯ ಕಾರಿಲ್ಲದೆ ನಡೆದೇ ಬರುವುದು, ಎಲ್ಲ ಅದರ ಮುಂದುವರಿಕೆ.

ಹೆಣ್ಣುಮಕ್ಕಳ ಕಿವಿಯೋಲೆ ಇನ್ನೊಂದು ಸಣ್ಣ ವಿಷಯ. ಅಲ್ಲಿನ ಶಾಲೆಗಳಲ್ಲಿ ಆಭರಣ ಸಾಮಾನ್ಯವಾಗಿ ಬೇಡ. ಶೈಶವದಲ್ಲೇ ಕಿವಿ ಚುಚ್ಚಿಸುವುದು ನಮ್ಮ ಸಂಪ್ರದಾಯ, ತೂತು ಮುಚ್ಚದಂತೆ ಸಣ್ಣ ಓಲೆ ಇರಬೇಕು ಎಂದು ಮೊದಲ ಭೇಟಿಯಲ್ಲೇ ಹೇಳಿದರೆ ಆಟದ ಪಿರಿಯಡ್‌ನಲ್ಲಿ ಟೇಪು ಅಂಟಿಸುವಂಥ ದಾರಿ ಹುಡುಕಬಹುದು. ಹೇಳದಿದ್ದರೆ ಮಗು ಎಲ್ಲರೆದುರು ಓಲೆ ಬಿಚ್ಚಬೇಕಾಗುತ್ತದೆ.

ಊಟ

ಸಸ್ಯಾಹಾರಿ ಕುಟುಂಬಗಳಿಗೆ ಕಾಗದಪತ್ರಕ್ಕಿಂತ ಹೆಚ್ಚು ಗಟ್ಟಿಯಾಗಿ ಎದುರಾಗುವುದು ಕ್ಯೂಶೊಕು, ಶಾಲೆಯ ಮಧ್ಯಾಹ್ನದ ಊಟ. ಎಲ್ಲ ಮಕ್ಕಳಿಗೂ ಒಂದೇ ಅಡುಗೆ, ಜೊತೆಗೆ 200 ಮಿಲಿ ಹಾಲು. 2023ರಲ್ಲಿ ದೇಶದ ಸರಾಸರಿ ತಿಂಗಳಿಗೆ ಸುಮಾರು 4,700 ಯೆನ್ ಇತ್ತು. ಈಗ ಟೋಕಿಯೊದ ವಾರ್ಡುಗಳೂ ಸೇರಿ ಅನೇಕ ಕಡೆ ತಂದೆತಾಯಿ ಏನೂ ಕೊಡಬೇಕಿಲ್ಲ. ಪ್ರತಿ ತಿಂಗಳು ಮನೆಗೆ ಬರುವ ಊಟದ ಪಟ್ಟಿಯಲ್ಲಿ ಪದಾರ್ಥಗಳನ್ನು ಕೆಂಪು, ಹಳದಿ, ಹಸಿರು ಎಂದು ಮೂರು ಗುಂಪು ಮಾಡಿ ಬರೆದಿರುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಾಲು, ಸೋಯಾ ಕೆಂಪಿನಲ್ಲಿ.

ತೊಡಕು ಇರುವುದು ಕಣ್ಣಿಗೆ ಕಾಣುವ ಮಾಂಸದಲ್ಲಲ್ಲ, ಸಾರಿನಲ್ಲಿ. ಜಪಾನಿ ಅಡುಗೆಯ ಬುಡವೇ ‘ದಾಶಿ’ ಎಂಬ ಸಾರು. ಒಣಗಿಸಿ ಹೊಗೆ ಹಿಡಿಸಿ ತುರಿದ ಮೀನು (ಕತ್ಸುಓಬುಶಿ) ಅಥವಾ ಒಣ ಮರಿಮೀನು (ನಿಬೋಶಿ) ಕುದಿಸಿ ಅದನ್ನು ಮಾಡುತ್ತಾರೆ. ಮಿಸೊ ಸಾರು, ಬೇಯಿಸಿದ ಕುಂಬಳ, ಪಾಲಕ್‌ನ ಪಲ್ಯದಂಥದ್ದು ಎಲ್ಲದರಲ್ಲೂ ಅದು ಇರಬಹುದು. ಜಪಾನಿ ‘ಕರಿ’ (curry) ಮಾಡಲು ಬಳಸುವ ಮಸಾಲೆ ಗಟ್ಟಿಯಲ್ಲಿ ಹಂದಿ ಅಥವಾ ದನದ ಕೊಬ್ಬು, ಜೆಲ್ಲಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರಬಹುದು. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಮಾಂಸ ತೆಗೆದು ಮೀನಿನ ಸಾರು ಬಡಿಸಿ, ನಿಮ್ಮ ಮಾತು ನಡೆಸಿದೆವೆಂದೇ ಅವರು ಪ್ರಾಮಾಣಿಕವಾಗಿ ನಂಬುತ್ತಾರೆ. ಅಲರ್ಜಿಯ ವ್ಯವಸ್ಥೆಯೂ ಇದಕ್ಕೆ ನೆರವಾಗದು. ಅದು ನೋಡುವುದು ಮೊಟ್ಟೆ, ಹಾಲು, ಗೋಧಿ, ಸೀಗಡಿಯಂಥವನ್ನು. ಕತ್ಸುಓಬುಶಿ ಆ ಗುರುತಿನ ಪಟ್ಟಿಯಲ್ಲೇ ಇಲ್ಲ. ಸುಲಭವಾಗಲಿ ಎಂದು ಇಲ್ಲದ ಅಲರ್ಜಿ ಹೇಳಿಕೊಳ್ಳುವುದಂತೂ ಬೇಡವೇ ಬೇಡ. ವೈದ್ಯರು ತುಂಬಿದ ನಮೂನೆ ಕೇಳುತ್ತಾರೆ, ಮುಂದೆ ಪ್ರವಾಸ, ಆಸ್ಪತ್ರೆ ಎಲ್ಲ ಕಡೆಯೂ ಆ ಸುಳ್ಳು ಮಗುವಿನ ಹಿಂದೆ ಬರುತ್ತದೆ.

ಒಂದು ಹಾಳೆಯಲ್ಲಿ ಜಪಾನಿಯಲ್ಲಿ ಬರೆದುಕೊಡಿ: ತಿನ್ನುವುದು ಇಷ್ಟು, ತಿನ್ನದಿರುವುದು ಇಷ್ಟು. ಮೀನಿನ ದಾಶಿ ತಿನ್ನಬಹುದೋ ಬಾರದೋ ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ, ಮೊಟ್ಟೆಯನ್ನೂ ಹಾಗೆಯೇ. ಧಾರ್ಮಿಕ ಕಾರಣಕ್ಕೆ ಪ್ರತ್ಯೇಕ ಅಡುಗೆ ಮಾಡಿಕೊಡುವ ಹೊಣೆ ಶಾಲೆಗಿಲ್ಲ. ಆದರೆ ಮನೆಯಿಂದ ಡಬ್ಬಿ ತರಲು ಸಾಮಾನ್ಯವಾಗಿ ಒಪ್ಪುತ್ತಾರೆ. ಪಟ್ಟಿ ನೋಡಿ, ಅನ್ನ, ಹಾಲು, ಹಣ್ಣು ಶಾಲೆಯದ್ದು, ಪಲ್ಯ ಮನೆಯದ್ದು ಎಂದು ಹೊಂದಿಸಿಕೊಳ್ಳಬಹುದೇ ಎಂದೂ ಕೇಳಿನೋಡಿ. ಬಿಸಿ ಮಾಡುವ ಸೌಲಭ್ಯವನ್ನು ನೆಚ್ಚಿಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ವಿಪರೀತ, ಮೊಸರನ್ನ ಹುಳಿಯುತ್ತದೆ. ಚಿತ್ರಾನ್ನ, ಒಣ ಪಲ್ಯ ಚಪಾತಿ, ಡಬ್ಬಿಯ ಮೇಲೊಂದು ಐಸ್ ಪ್ಯಾಕ್. ಡಬ್ಬಿ ತರುವ ಮಗುವನ್ನೂ ಬಡಿಸುವ ಸರದಿಗೆ ಹಾಕಿ ಎಂದು ಮರೆಯದೆ ಕೇಳಿ. ಬಿಳಿ ಅಂಗಿ, ಟೋಪಿ ತೊಟ್ಟು ಗೆಳೆಯರಿಗೆ ಬಡಿಸುವ ಆ ವಾರ ಮಗು ತರಗತಿಯ ಒಳಗಿನದಾಗುತ್ತದೆ. ಶುಕ್ರವಾರ ಆ ಅಂಗಿ ಮನೆಗೆ ಬಂದರೆ ಒಗೆದು ಇಸ್ತ್ರಿ ಮಾಡಿ ಸೋಮವಾರ ವಾಪಸು ಕಳಿಸಬೇಕು, ಮುಂದಿನ ಮಗುವಿಗೆ ಅದೇ ಬೇಕು.

ಭಾಷೆ

2023ರ ಸಚಿವಾಲಯದ ಎಣಿಕೆಯಲ್ಲಿ ಜಪಾನಿ ಭಾಷೆಯ ಪಾಠ ಬೇಕಿದ್ದ ಮಕ್ಕಳು 69,123. ಇವರಿಗಾಗಿ 2014ರಿಂದ ವಿಶೇಷ ಪಠ್ಯಕ್ರಮವಿದೆ: ಸಾಮಾನ್ಯ ತರಗತಿಯಿಂದ ಕರೆದೊಯ್ದು ವರ್ಷಕ್ಕೆ 10ರಿಂದ 280 ಪಿರಿಯಡ್‌ವರೆಗೆ ಜಪಾನಿ ಕಲಿಸಬಹುದು. 10ಕ್ಕೂ 280ಕ್ಕೂ ಇರುವ ಅಂತರ ನೋಡಿ. ನಿಮ್ಮ ಮಗುವಿಗೆ ವಾರಕ್ಕೆ ಎಷ್ಟು ಪಿರಿಯಡ್, ಯಾರು ಕಲಿಸುತ್ತಾರೆ, ಎಷ್ಟು ತಿಂಗಳು ಎಂಬ ಮೂರು ಪ್ರಶ್ನೆಗಳಿಗೆ ಖಚಿತ ಉತ್ತರ ಪಡೆಯದೆ ಮೊದಲ ಭೇಟಿ ಮುಗಿಸಬೇಡಿ.

ಕನ್ನಡದ ಮಗುವಿಗೆ ವಾಕ್ಯದ ಕ್ರಮದಲ್ಲಿ ಅನುಕೂಲವಿದೆ. ‘ವತಾಶಿ ವಾ ಗಕ್ಕೊ ನಿ ಇಕು’ ಎಂದರೆ ‘ನಾನು ಶಾಲೆಗೆ ಹೋಗುತ್ತೇನೆ’, ಪದಕ್ಕೆ ಪದ ಅದೇ ಸಾಲು. ಗಕ್ಕೊ ಶಾಲೆ, ನಿ ನಮ್ಮ ‘ಗೆ’, ಕ್ರಿಯಾಪದ ಕೊನೆಗೆ. ಆರು ತಿಂಗಳಲ್ಲಿ ಆಟದ ಮೈದಾನದ ಮಾತು ಬಂದುಬಿಡುವುದನ್ನು ನೋಡಿ ಎಲ್ಲರೂ ನಿರಾಳವಾಗುತ್ತಾರೆ. ಅಲ್ಲೇ ಮೋಸ ಹೋಗುವುದು. ದಿನಬಳಕೆಯ ಮಾತು ಒಂದೆರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂಬುದು ಭಾಷಾತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟದ್ದು. ಜಪಾನಿನಲ್ಲಿ ಅದರ ಮೇಲೆ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳ ಹೊರೆ: ಒಂದನೇ ತರಗತಿಯಲ್ಲಿ 80, ಎರಡರಲ್ಲಿ 160, ಮೂರರಲ್ಲಿ 200, ಆರು ವರ್ಷಕ್ಕೆ ಒಟ್ಟು 1,026. ವಿಜ್ಞಾನ, ಸಮಾಜ ಎಂಬ ವಿಷಯಗಳು ಶುರುವಾಗುವುದೂ ಮೂರನೇ ತರಗತಿಯಲ್ಲೇ. ಮಾತು ಚೆನ್ನಾಗಿದೆ ಎಂದು ಎರಡನೇ ತರಗತಿಯಲ್ಲಿ ಭಾಷಾ ಪಾಠ ನಿಲ್ಲಿಸಿದರೆ ಮೂರರಲ್ಲಿ ಮಗು ಮೌನವಾಗುತ್ತದೆ, ಶಿಕ್ಷಕರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಭಾಷಾ ಪಾಠ ನಿಲ್ಲಿಸುವ ಮಾತು ಬಂದಾಗ, ಮಗು ಪಠ್ಯಪುಸ್ತಕದ ಒಂದು ಪುಟ ಓದಿ ಅರ್ಥ ಹೇಳಬಲ್ಲದೇ ಎಂದು ಕೇಳಬೇಕು.

ಮನೆಯಲ್ಲೂ ಜಪಾನಿಯಲ್ಲೇ ಮಾತಾಡಿ ಎಂದು ಒಳ್ಳೆಯ ಮನಸ್ಸಿನ ಶಿಕ್ಷಕರು ಹೇಳುವುದುಂಟು. ಒಪ್ಪಬೇಡಿ. ತಂದೆತಾಯಿಯ ಅರೆಬರೆ ಜಪಾನಿ ಮಗುವಿಗೆ ಏನನ್ನೂ ಕಲಿಸದು. ಮಳೆ ಹೇಗೆ ಬರುತ್ತದೆ ಎಂಬುದನ್ನು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗುವಿಗೆ ಜಪಾನಿಯಲ್ಲಿ ಬೇಕಾಗುವುದು ಹೊಸ ಪದಗಳು ಮಾತ್ರ. ಎರಡನೇ ತರಗತಿಯಲ್ಲಿ ಬರುವ ಮಗ್ಗಿಯನ್ನೇ ತೆಗೆದುಕೊಳ್ಳಿ. ‘ನಿ ಇಚಿ ಗಾ ನಿ, ನಿ ನಿನ್ ಗಾ ಶಿ’ ಎಂದು ಅವರು ರಾಗವಾಗಿ ಹೇಳುವುದು ನಮ್ಮ ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಅಷ್ಟೇ, ಒಂಬತ್ತೊಂಬತ್ಲವರೆಗೆ. ಕನ್ನಡದಲ್ಲಿ ಬಾಯಿಪಾಠ ಬಂದ ಮಗುವಿಗೆ ಉತ್ತರ ಮೊದಲೇ ಗೊತ್ತು. ಮನೆಯಲ್ಲಿ ಹೇಳಿಸಿ ಸಹಿ ಹಾಕಬೇಕಾದ ಕಾರ್ಡು ಬಂದಾಗ ಎರಡೂ ರಾಗದಲ್ಲಿ ಹೇಳಿಸಬಹುದು.

ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳುವುದಾದರೆ: ಎರಡನೇ ತರಗತಿಯೊಳಗಿನ ಮಗುವನ್ನು ಅಳುಕಿಲ್ಲದೆ ಸೇರಿಸಿ. ಐದು, ಆರನೇ ತರಗತಿಯ ಮಗು ಎರಡೇ ವರ್ಷಕ್ಕೆಂದು ಹೋಗುತ್ತಿದ್ದರೆ ಭಾರತೀಯ ಶಾಲೆಯ ಖರ್ಚನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ. ಅಲ್ಲೇ ನೆಲೆಸುವ ಯೋಚನೆ ಇದ್ದರೆ 15ನೇ ವಯಸ್ಸಿನ ಪ್ರೌಢಶಾಲಾ ಪ್ರವೇಶ ಪರೀಕ್ಷೆಯನ್ನು ಈಗಿನಿಂದಲೇ ಕಣ್ಣೆದುರು ಇಟ್ಟುಕೊಳ್ಳಬೇಕು. ಕಡ್ಡಾಯ ಶಿಕ್ಷಣದ ಸಾಲು ಅಲ್ಲಿಗೆ ಮುಗಿಯುತ್ತದೆ.

ಕಾಗದಗಳು, ರಜೆ, ವಾಪಸಾತಿ

ಮಗುವಿನ ಚೀಲದಲ್ಲಿ ದಿನವೂ ಒಂದೋ ಎರಡೋ ಮುದ್ರಿತ ಹಾಳೆ ಬರುತ್ತದೆ. ಹಾಳೆಯ ಕೆಳಗೆ ಚುಕ್ಕಿ ಗೆರೆ, ಪಕ್ಕದಲ್ಲಿ ಕತ್ತರಿಯ ಚಿತ್ರ ಇದ್ದರೆ ಅದನ್ನು ಪಕ್ಕಕ್ಕಿಡುವಂತಿಲ್ಲ: ಗೆರೆಯ ಕೆಳಗಿನ ಭಾಗ ತುಂಬಿ, ಕತ್ತರಿಸಿ, ಅಲ್ಲಿರುವ ತಾರೀಖಿನೊಳಗೆ ಕಳಿಸಬೇಕು. ಫೋನಿನಲ್ಲಿ ಫೋಟೊ ತೆಗೆದರೆ ಅನುವಾದ ಸಿಗುತ್ತದೆ; ಮೊದಲು ತಾರೀಖು, ಆಮೇಲೆ ತರಬೇಕಾದ ವಸ್ತು, ಇಷ್ಟು ಓದಿದರೂ ದಿನ ನಡೆಯುತ್ತದೆ. ಭೂಕಂಪವಾದರೆ ಮಗುವನ್ನು ಯಾರ ಕೈಗೆ ಕೊಡಬಹುದು ಎಂಬ ಕಾರ್ಡನ್ನು ಮಾತ್ರ ಅದೇ ದಿನ ತುಂಬಿ. ತಂದೆತಾಯಿ ಇಬ್ಬರೂ ದೂರದ ಕಚೇರಿಯಲ್ಲಿದ್ದರೆ ಅಕ್ಕಪಕ್ಕದ ಒಬ್ಬರ ಹೆಸರು ಅದರಲ್ಲಿ ಇರಲೇಬೇಕು. ಆದಾಯ ಕಡಿಮೆ ಇರುವ ಕುಟುಂಬಕ್ಕೆ ಶಾಲಾ ಸಾಮಾನು, ಪ್ರವಾಸದ ಖರ್ಚಿಗೆ ‘ಶೂಗಕು ಎಂಜೊ’ ಎಂಬ ನೆರವು ವಿದೇಶಿಯರಿಗೂ ಇದೆ. ಅದಕ್ಕೂ ಅರ್ಜಿ ಹಾಕಬೇಕು.

ನಮ್ಮ ಮದುವೆ, ಮುಂಜಿಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ. ಜಪಾನಿನಲ್ಲಿ ಅದು ಹೊಸ ತರಗತಿ ಶುರುವಾಗುವ ಹೊತ್ತು. ಉದ್ದನೆಯ ರಜೆ ಇರುವುದು ಜುಲೈ ಕೊನೆಯಿಂದ ಆಗಸ್ಟ್‌ವರೆಗೆ. ಊರಿಗೆ ಬಂದು ತಿಂಗಳುಗಟ್ಟಲೆ ಉಳಿದರೆ, ಕಡ್ಡಾಯ ಶಿಕ್ಷಣದ ಹೊರಗಿರುವ ವಿದೇಶಿ ಮಗುವಿನ ಹೆಸರನ್ನು ಶಾಲೆ ತೆಗೆಯಬಹುದು. ಹೊರಡುವ ತಾರೀಖು, ಬರುವ ತಾರೀಖು ಎರಡನ್ನೂ ಬರೆದುಕೊಟ್ಟು ಹೋಗಿ.

ಜಪಾನಿನೊಳಗೇ ಊರು ಬದಲಿಸಿದರೆ ಹಳೆಯ ಶಾಲೆ ವ್ಯಾಸಂಗ ಪ್ರಮಾಣಪತ್ರ ಮತ್ತು ಪಠ್ಯಪುಸ್ತಕ ಕೊಟ್ಟ ಪ್ರಮಾಣಪತ್ರ ಎಂಬ ಎರಡು ಕಾಗದ ಕೊಡುತ್ತದೆ. ಎರಡನೆಯದನ್ನು ಕಳೆದುಕೊಳ್ಳಬೇಡಿ; ಹೊಸ ಊರಿನಲ್ಲಿ ಬೇರೆ ಪ್ರಕಾಶನದ ಪುಸ್ತಕ ಇದ್ದರೆ ಉಚಿತವಾಗಿ ಸಿಗುವುದು ಅದನ್ನು ತೋರಿಸಿದರೆ. ಕರ್ನಾಟಕಕ್ಕೆ ಮರಳುವವರನ್ನು ಇಲ್ಲಿನ ಶಾಲೆ ಮೊದಲು ಕೇಳುವುದು ಟಿಸಿ. ಆ ರೂಪದ ಕಾಗದ ಜಪಾನಿನ ಶಾಲೆಯಲ್ಲಿ ಇಲ್ಲ. ಹೊರಡುವ ಒಂದು ತಿಂಗಳ ಮೊದಲೇ ಸೇರಿದ ದಿನ, ಬಿಟ್ಟ ದಿನ, ಓದಿದ ತರಗತಿ ಮೂರೂ ಇರುವ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ, ಮುಖ್ಯೋಪಾಧ್ಯಾಯರ ಮೊಹರಿನೊಂದಿಗೆ ಕೇಳಿ. ಇಂಗ್ಲಿಷಿನಲ್ಲಿ ಬರೆಯುವ ರೂಢಿ ಇಲ್ಲ ಎಂದರೆ ನೀವೇ ಒಂದು ನಮೂನೆ ಟೈಪ್ ಮಾಡಿ ತೆಗೆದುಕೊಂಡು ಹೋಗಿ, ಅವರು ವಿವರ ತಾಳೆ ನೋಡಿ ಮೊಹರು ಒತ್ತಿಕೊಡಬಹುದು. ಮಗುವಿನ ಹೆಸರು ಅದರಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಕತಕಾನಾದ ರೀರಾ ಹಾಗೆಯೇ ಇಂಗ್ಲಿಷಿಗೆ ಇಳಿದಿಲ್ಲವೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.